ಹೂ ಬಿಟ್ಟೂ ಕಾಯಿ ಕಟ್ಟದ ಚಕ್ಕೋತ

ಹಿತ್ತಲಿನಲ್ಲಿ ಒಂದು ನಿಂಬೆಯ ಗಿಡ, ಬಾವಿಯ ಬಳಿ ನಾಲ್ಕು ಬಾಳೆ, ಮೂಲೆಯಲ್ಲಿ ಒಂದು ಕರಿಬೇವು, ಇಷ್ಟಾದರೂ ಇಲ್ಲದ ಮನೆಯು ನಮ್ಮ ಸೀಮೆಯಲ್ಲಿ ಹಿಂದೆ ಅಪರೂಪವಾಗಿದ್ದಿತು. ಈಗ ಬಾವಿಗಳು ಮುಚ್ಚಿಹೋಗಿವೆ. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ, ಕಾರಿಗೆ ಸ್ಥಳ ಬಿಟ್ಟು, ಏನಾದರೂ ಉಳಿದರೆ ಗಿಡಕ್ಕೆ ಎಂಬಂತಾಗಿದೆ. ಆದರೂ ನಿಂಬೆಯ ಜಾತಿಯ ಒಂದು ಗಿಡವನ್ನು ಮನೆಯಲ್ಲಿ ಬೆಳೆಸಬೇಕೆಂಬ ಆಸೆಯು ಗೃಹಸ್ಥರಲ್ಲಿ ಅಳಿದಿಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರುವಾಗ ಕೈಯಲ್ಲಿ ಒಂದು ನಿಂಬೆಯ ಸಸಿಯನ್ನು ಹಿಡಿದು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಿಡವು ಮನೆಗೆ ಬಂದ ಮೇಲೆ ಹುಟ್ಟುವ ದೂರುಗಳು ಸಾಮಾನ್ಯವಾಗಿ ಎರಡೇ. ಒಂದು, ಗಿಡವು ಹೂವನ್ನೇ ಬಿಡುವುದಿಲ್ಲವೆಂಬುದು. ಮತ್ತೊಂದು, ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲವೆಂಬುದು. ಎರಡನೆಯದನ್ನು ಕುರಿತು ನಮ್ಮ ಮನೆಯಲ್ಲಿಯೇ ಏಳು ವರ್ಷ ಒಂದು ವ್ಯಾಜ್ಯವು ನಡೆಯಿತು. ಅದರ ವೃತ್ತಾಂತವನ್ನೇ ವಾಚಕರ ಮುಂದಿಡಬೇಕೆಂದಿದ್ದೇನೆ.

ನಮ್ಮ ತೀರ್ಥರೂಪರು 1996ರಲ್ಲಿ ದೇವನಹಳ್ಳಿಯ ಸ್ನೇಹಿತರೊಬ್ಬರ ತೋಟದಿಂದ ಚಕ್ಕೋತದ ಗೂಟಿ ಸಸಿಯೊಂದನ್ನು ತಂದು, ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ನೆಟ್ಟರು. ದೇವನಹಳ್ಳಿಯ ಚಕ್ಕೋತದ ಹೆಸರನ್ನು ಕೇಳದವರಿಲ್ಲ. ಮಗುವಿನ ತಲೆಯಷ್ಟು ದೊಡ್ಡ ಹಣ್ಣು. ಒಳಗೆ ಕೆಂಪು ಛಾಯೆಯ ತೊಳೆ. ಬೇರೆ ಚಕ್ಕೋತಗಳಲ್ಲಿರುವ ಕಹಿಯು ಇದರಲ್ಲಿ ಬಹು ಕಡಿಮೆ. ಇದಕ್ಕೆ ಸರ್ಕಾರದ ಭೌಗೋಳಿಕ ಸೂಚಿಕೆಯ ಮುದ್ರೆಯೂ ದೊರೆತಿದೆ. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಸುತ್ತಲಿನ ಭೂಮಿಯ ಬೆಲೆಯೇರಿ ಹಳೆಯ ತೋಟಗಳು ಅನೇಕವು ಹೋದವು. ನಮಗೆ ಸಸಿಯಿತ್ತ ತೋಟವೂ ಈಗಿಲ್ಲ. ಆದುದರಿಂದ ಈ ಮರದ ಮೇಲೆ ನಮಗೆ ಮಮತೆ ಹೆಚ್ಚು.

ಮರವು ಬೇಗನೆ ಬೆಳೆದು, 2001ರಿಂದ ಕಾಯಿ ಬಿಡತೊಡಗಿತು. ದಸರೆಯ ವೇಳೆಗೆ ಇಪ್ಪತ್ತು ಮೂವತ್ತು ಹಣ್ಣುಗಳು; ನೆರೆಹೊರೆಗೆಲ್ಲ ಹಂಚುವುದೇ ಮನೆಯಲ್ಲಿ ಒಂದು ಹಬ್ಬವಾಗಿದ್ದಿತು. 2014ರವರೆಗೆ ಹೀಗೆ ನಡೆದು, ಮುಂದಿನ ವರ್ಷದಿಂದ ಇದ್ದಕ್ಕಿದ್ದಂತೆ ನಿಂತಿತು. ಹೂವಿಗೆ ಕೊರತೆಯಿರಲಿಲ್ಲ. ಫೆಬ್ರವರಿಯಲ್ಲಿ ಹಿತ್ತಲಿನ ಬಾಗಿಲು ತೆರೆದರೆ ಆ ಪರಿಮಳವು ನಡುಮನೆಯವರೆಗೂ ಬರುತ್ತಿದ್ದಿತು. ಆದರೆ ಹದಿನೈದು ಇಪ್ಪತ್ತು ದಿನಗಳಲ್ಲಿ ಹೂವಿನ ಬುಡದ ಹಸುರು ಮಣಿಗಳು ಹಳದಿಯಾಗಿ, ತೊಟ್ಟಿನ ಸಮೇತ ಉದುರಿ, ನೆಲವೆಲ್ಲ ಹರಡುತ್ತಿದ್ದವು. ಗೊಬ್ಬರ ಹಾಕಿದೆವು, ಹೊಂಗೆಯ ಹಿಂಡಿಯನ್ನು ಕೊಟ್ಟೆವು, ಯಾರೋ ಹೇಳಿದರೆಂದು ಬೊಡ್ಡೆಗೆ ಮೊಳೆ ಹೊಡೆದದ್ದೂ ಆಯಿತು. ಮತ್ತೊಬ್ಬರ ಮಾತಿನಂತೆ ದೃಷ್ಟಿಪರಿಹಾರಕ್ಕಾಗಿ ಹಳೆಯ ಎಕ್ಕಡವೊಂದನ್ನು ಕೊಂಬೆಗೆ ಕಟ್ಟಿದೆವು. ಅದು ಎರಡು ಮಳೆಗಾಲ ಅಲ್ಲಿಯೇ ತೂಗಾಡುತ್ತಿದ್ದಿತು. ಕಡೆಗೆ ನನ್ನ ಮಗನು, “ಅಪ್ಪಾ, ಈ ಗೊಡ್ಡು ಮರವನ್ನು ತೆಗೆಸಿದರೆ ಕಾರು ನಿಲ್ಲಿಸುವುದಕ್ಕೆ ಜಾಗವಾಗುತ್ತೆ” ಎಂದನು. ನಾನೂ ಅರ್ಧ ಒಪ್ಪಿದ್ದೆನು.

ಒಪ್ಪದವರು ನಮ್ಮ ಸೋದರತ್ತೆಯವರು. ಇವರು ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ನಲವತ್ತು ವರ್ಷಗಳಿಂದ ನಮ್ಮೊಡನೆಯೇ ಇರುವವರು. ನನ್ನನ್ನೂ ನನ್ನ ತಮ್ಮಂದಿರನ್ನೂ ಎತ್ತಿ ಆಡಿಸಿದವರು. ಎಂದೂ ಗಟ್ಟಿಯಾಗಿ ಮಾತನಾಡದ ಅವರು ಆ ದಿನ ಅಡಿಗೆಯ ಮನೆಯಿಂದ ಹೊರಕ್ಕೆ ಬಂದು, “ಗೊಡ್ಡು ಅನ್ನಬೇಡ ಕಣಪ್ಪಾ. ಹೂ ಬಿಡೋ ಮರ ಗೊಡ್ಡು ಹ್ಯಾಗಾದೀತು? ಒಂಟಿಯಾಗಿದೆ, ಅಷ್ಟೆ” ಎಂದರು. ಮಗನು ತಲೆ ತಗ್ಗಿಸಿದನು. ಆ ಶಬ್ದವನ್ನು ಆ ಮನೆಯಲ್ಲಿ ಆಡಬಾರದಾಗಿತ್ತೆಂದು ನನಗೂ ಆಗಲೇ ತೋರಿದುದು. ಕೊಡಲಿಯವನಿಗೆ ಹೇಳಿಕಳುಹಿಸುವ ಮಾತು ಅಲ್ಲಿಗೆ ನಿಂತಿತು.

ಅತ್ತೆಯವರು ಹೇಳಿದುದು ನೋವಿನ ಮಾತು, ಶಾಸ್ತ್ರದ ಮಾತಲ್ಲ. ಆದರೆ ಶಾಸ್ತ್ರವೂ ಅದನ್ನೇ ಹೇಳುತ್ತದೆಂಬುದು ಕೆಲವು ತಿಂಗಳ ಮೇಲೆ ತಿಳಿಯಿತು. ತೋಟಗಾರಿಕೆಯ ಇಲಾಖೆಯಲ್ಲಿದ್ದು ನಿವೃತ್ತರಾದ ಸ್ನೇಹಿತರೊಬ್ಬರು 2020ರ ಕೊನೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ಅವರು ಮರವನ್ನು ಸುತ್ತಿ ನೋಡಿ, ಎಲೆಯನ್ನು ಹಿಸುಕಿ ಮೂಸಿ, ಕಾಂಪೌಂಡಿನ ಆಚೆಗೆ ಇಣಿಕಿ, “ಈ ಪಕ್ಕದ ನಿವೇಶನದಲ್ಲಿ ಮೊದಲು ಏನಿತ್ತು?” ಎಂದು ಕೇಳಿದರು. ಮೊದಲು ಅಲ್ಲಿ ಹಳೆಯ ಹೆಂಚಿನ ಮನೆಯೂ, ಅದರ ಹಿಂದೆ ಎರಡು ನಿಂಬೆಯ ಗಿಡಗಳೂ ಒಂದು ನಾಟಿ ಚಕ್ಕೋತವೂ ಇದ್ದವು. 2014ರ ಮಳೆಗಾಲದ ತರುವಾಯ ಅದು ಮಾರಾಟವಾಗಿ, ಎಲ್ಲವನ್ನೂ ಕಡಿದು, ಮೂರು ಅಂತಸ್ತಿನ ಕಟ್ಟಡವೆದ್ದಿತು. ನಾವು ಗಾಳಿ ಬೆಳಕು ಹೋಯಿತೆಂದು ಗೊಣಗಿದ್ದೆವೇ ಹೊರತು, ನಮ್ಮ ಮರದ ಸಂಬಂಧಿಕರು ಹೋದರೆಂಬುದು ನಮಗೆ ಹೊಳೆದಿರಲಿಲ್ಲ.

ಈಗ ಹೂವಿನ ರಚನೆಯನ್ನು ಸ್ವಲ್ಪ ನೋಡೋಣ. ಚಕ್ಕೋತದ ಹೂವನ್ನು ಕೈಯಲ್ಲಿ ಹಿಡಿದರೆ, ದಪ್ಪನೆಯ ಬಿಳಿಯ ದಳಗಳು ನಾಲ್ಕೋ ಐದೋ ಹಿಂದಕ್ಕೆ ಮಡಿಚಿಕೊಂಡಿರುವುದು ಕಾಣುವುದು. ನಡುವೆ ಇಪ್ಪತ್ತಕ್ಕೂ ಹೆಚ್ಚು ಕೇಸರಗಳು ಬೇಲಿಯಂತೆ ನಿಂತಿರುವುವು. ಒಂದೊಂದರ ತುದಿಯಲ್ಲಿಯೂ ಹಳದಿಯ ಚೀಲವುಂಟು. ಅದು ಬಿರಿದಾಗ ಹೊರಬೀಳುವ ಹುಡಿಯೇ ಪರಾಗ. ಬೇಲಿಯ ಮಧ್ಯದಲ್ಲಿ ಹಸುರು ಕಂಬವೊಂದು ನಿಂತು, ಅದರ ತಲೆಯು ಗುಂಡಿಯಂತೆ ದಪ್ಪವಾಗಿ, ಮುಟ್ಟಿದರೆ ಅಂಟಂಟಾಗಿರುವುದು. ಕಂಬಕ್ಕೆ ಶಲಾಕೆಯೆಂದೂ ಅದರ ತಲೆಗೆ ಶಲಾಕಾಗ್ರವೆಂದೂ ಹೆಸರು. ಬುಡದಲ್ಲಿರುವ ಹಸುರು ಮಣಿಯೇ ಅಂಡಾಶಯ. ಮುಂದೆ ಹಣ್ಣಾಗುವುದು ಅದೇ. ಪರಾಗದ ಕಣವು ಆ ಅಂಟಿನ ಮೇಲೆ ಬಿದ್ದು ಮೊಳೆತು, ಕೂದಲಿಗಿಂತಲೂ ಸೂಕ್ಷ್ಮವಾದ ನಾಳವಾಗಿ ಶಲಾಕೆಯೊಳಗೆ ಇಳಿದು, ಅಂಡಾಶಯವನ್ನು ಮುಟ್ಟಿದರೆ ಬೀಜವು ಕೂಡುವುದು. ಬೀಜವು ಕೂಡಿದರೆ ಚಕ್ಕೋತದ ಮಣಿಯು ನಿಲ್ಲುವುದು, ಇಲ್ಲದಿದ್ದರೆ ಉದುರುವುದು.

ಹಾಗಾದರೆ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವಾಗ ತೊಂದರೆಯೇನು? ತೊಂದರೆಯಿರುವುದು ಇಲ್ಲಿಯೇ. ನಮ್ಮಲ್ಲಿ ಸಗೋತ್ರವಿವಾಹವು ನಿಷಿದ್ಧವೆಂದು ಹಿರಿಯರು ಹೇಳುವಂತೆ, ಚಕ್ಕೋತದ ಕುಲದಲ್ಲಿಯೂ ಅಂತಹದೊಂದು ಕಟ್ಟುಂಟು. ಅದರ ಶಲಾಕೆಯಲ್ಲಿ ಉತ್ಪತ್ತಿಯಾಗುವ ಒಂದು ಕಿಣ್ವವು, ಒಳಕ್ಕೆ ಇಳಿಯುತ್ತಿರುವ ಪರಾಗನಾಳವು ತನ್ನದೇ ಗುರುತಿನದಾದರೆ ಅದನ್ನು ದಾರಿಯಲ್ಲಿಯೇ ಕೊಲ್ಲುವುದು. ಪರಗುರುತಿನದಾದರೆ ದಾರಿ ಬಿಡುವುದು. ಈ ಕಿಣ್ವವನ್ನು ವಿಜ್ಞಾನಿಗಳು ಈಚೆಗೆ ಸ್ಪಷ್ಟವಾಗಿ ಗುರುತಿಸಿದ್ದಾರೆ. ಆದುದರಿಂದ ಒಂಟಿ ಚಕ್ಕೋತದ ಮರದ ಮೇಲೆ ಜೇನು ದಿನವೆಲ್ಲ ಓಡಾಡಿದರೂ, ಅದೇ ಮರದ ಪರಾಗವನ್ನು ಅದೇ ಮರಕ್ಕೆ ಒರಸಿದಂತಾಗುವುದೇ ಹೊರತು ಫಲವಿಲ್ಲ. ಅಪರೂಪಕ್ಕೆ ಒಂದೆರಡು ಕಾಯಿಗಳು ಬೀಜವಿಲ್ಲದೆಯೇ ನಿಂತಾವು, ಅದನ್ನು ನಂಬಿಕೊಳ್ಳಲಾಗದು.

ನಿಂಬೆಯ ಗಿಡವುಳ್ಳವರು ಇಷ್ಟನ್ನು ಓದಿ ಗಾಬರಿಪಡಬೇಕಾದುದಿಲ್ಲ. ನಮ್ಮ ಸಾಮಾನ್ಯ ನಿಂಬೆಗೂ, ಮೋಸಂಬಿಗೂ, ಕೊಡಗಿನ ಕಿತ್ತಳೆಗೂ ಈ ಕಟ್ಟಿಲ್ಲ. ಅವು ತಮ್ಮ ಪರಾಗದಿಂದಲೇ ಕಾಯಿ ಕಟ್ಟುವುವು. ನಿಂಬೆಯಲ್ಲಿ ಹೂವು ರಾಶಿಯಾಗಿ ಉದುರುವುದನ್ನು ಕಂಡು ಪರಾಗದ ಕೊರತೆಯೆಂದು ಕುಂಚವನ್ನು ಹಿಡಿದು ಹೊರಡುವುದು ವ್ಯರ್ಥಶ್ರಮ. ಈ ವರ್ಗದ ಮರಗಳಲ್ಲಿ ಸಾಮಾನ್ಯವಾಗಿ ನೂರು ಹೂವಿಗೆ ಕೊನೆಯವರೆಗೆ ನಿಲ್ಲುವ ಕಾಯಿಗಳು ಬೆರಳಲ್ಲಿ ಎಣಿಸುವಷ್ಟೇ. ಮಿಕ್ಕುದು ಉದುರುವುದಕ್ಕಾಗಿಯೇ ಹುಟ್ಟಿದುದೆಂದು ತಿಳಿಯಬೇಕು. ನೇವಲ್ ಎಂಬ ಕಿತ್ತಳೆಯಲ್ಲಂತೂ ಸತ್ತ್ವವುಳ್ಳ ಪರಾಗವೇ ಇಲ್ಲ. ಅದು ಬೀಜವಿಲ್ಲದೆಯೇ ಹಣ್ಣಾಗುವ ಜಾತಿ. ಬ್ರೆಜಿಲ್ ದೇಶದ ಬಹಿಯಾದಿಂದ ಹೊರಟು 1873ರಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡಿಗೆ ಬಂದ ಎರಡು ಮೂರು ಸಸಿಗಳಿಂದ ಕಸಿಯ ಮೇಲೆ ಕಸಿಯಾಗಿ ಅಲ್ಲಿನ ನೇವಲ್ ತೋಟಗಳೆಲ್ಲವೂ ಹಬ್ಬಿದವು. ಅದೇ ಸೀಮೆಯಲ್ಲಿ ಈಗ ಬೀಜರಹಿತವಾದ ಸಣ್ಣ ಕಿತ್ತಳೆಯನ್ನು ಬೆಳೆಯುವವರು, ಜೇನು ಬಂದು ಪರಪರಾಗವನ್ನು ತಂದರೆ ಹಣ್ಣಿನಲ್ಲಿ ಬೀಜವಾಗುವುದೆಂದು, ಹೂವಿನ ಕಾಲದಲ್ಲಿ ಮರಗಳಿಗೆ ಬಲೆಯನ್ನೇ ಹೊದಿಸುವರು. ನಾವು ಜೇನು ಬರಲಿಲ್ಲವೆಂದು ಕೊರಗಿದರೆ, ಅವರಿಗೆ ಜೇನು ಬಂದಿತಲ್ಲಾ ಎಂಬ ಕೊರಗು!

ನಮ್ಮ ಮರದ ವಿಚಾರಕ್ಕೆ ಬರುವೆನು. ಸ್ನೇಹಿತರು ಹೇಳಿದ ಉಪಾಯವು ಸರಳವಾಗಿದ್ದಿತು: ಬೇರೆ ಮರದ ಪರಾಗವನ್ನು ತಂದು ಕೈಯಿಂದಲೇ ಹಚ್ಚುವುದು. ಇದೇನೂ ಹೊಸದಲ್ಲ. ಹಿತ್ತಲಿನಲ್ಲಿ ಕುಂಬಳವನ್ನು ಬೆಳೆಯುವ ಹೆಂಗಸರು ಬೆಳಗಿನ ಹೊತ್ತು ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ತಾಗಿಸುವುದುಂಟು. ಮಲೆನಾಡಿನಲ್ಲಿ ವೆನಿಲಾ ಬೆಳೆದವರೆಲ್ಲರೂ ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗವನ್ನಿಟ್ಟವರೇ. ವೆನಿಲಾದ ಈ ಕೈಚಳಕವನ್ನು 1841ರಲ್ಲಿ ಕಂಡುಹಿಡಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು.

2021ರ ಫೆಬ್ರವರಿಯಲ್ಲಿ ನಾವು ಮೊದಲನೆಯ ಪ್ರಯತ್ನವನ್ನು ಮಾಡಿದೆವು. ಸರಸ್ವತೀಪುರದಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ಸೊಗಸಾದ ಚಕ್ಕೋತದ ಮರವೊಂದಿದ್ದು, ಅಲ್ಲಿಂದ ಹೂವನ್ನು ತಂದು, ಅತ್ತೆಯವರೂ ನಾನೂ ಸೇರಿ ನಲವತ್ತು ಹೂವುಗಳಿಗೆ ಪರಾಗವನ್ನು ಹಚ್ಚಿ, ಗುರುತಿಗೆ ಕೆಂಪು ದಾರವನ್ನು ಕಟ್ಟಿದೆವು. ಮೂರು ವಾರಗಳಲ್ಲಿ ನಲವತ್ತೂ ಉದುರಿದವು. ದಾರಗಳು ಮಾತ್ರ ಉಳಿದವು. ಮಗನು ಏನೂ ಹೇಳಲಿಲ್ಲ. ಹೇಳದೆ ಇದ್ದುದೇ ಹೆಚ್ಚಾಯಿತು. ಸ್ನೇಹಿತರಿಗೆ ತಿಳಿಸಲಾಗಿ ಅವರು, “ಆ ಮರವು ಎಲ್ಲಿಯದು?” ಎಂದು ಕೇಳಿದರು. ಆಗ ನನಗೆ ನೆನಪಾಯಿತು. ನಮ್ಮ ತೀರ್ಥರೂಪರೇ ನಮ್ಮ ಮರದ ಕೊಂಬೆಗೆ ಗೂಟಿ ಕಟ್ಟಿ, ಬೇರು ಬಂದ ಮೇಲೆ ಕತ್ತರಿಸಿ, ಮಗಳ ಮನೆಗೆ ಕೊಟ್ಟಿದ್ದರು! ಗೂಟಿಯಿಂದಾದ ಮರವು ತಾಯಿಮರದ ಮಗಳಲ್ಲ, ತಂಗಿಯೂ ಅಲ್ಲ. ಅದೇ ಮರದ ಒಂದು ಕೊಂಬೆಯು ಬೇರೆ ಬೀದಿಯಲ್ಲಿ ನಿಂತಿರುವುದೆಂದೇ ಎಣಿಸತಕ್ಕುದು. ಅದರ ಪರಾಗವೂ ಸ್ವಂತ ಪರಾಗವೇ. ತಂಗಿಯ ಮನೆಯ ಮರವು ತಾನು ಹೇಗೆ ಕಾಯಿ ಬಿಡುತ್ತಿದ್ದಿತೆಂದರೆ, ಅವರ ಹಿಂದಿನ ಮನೆಯಲ್ಲಿ ಎರಡು ಗಜನಿಂಬೆಯ ಗಿಡಗಳಿದ್ದವು. ಒಂದೇ ತೋಟದ ಕಸಿಗಳನ್ನು ಎರಡು ಮೂರು ತಂದು ನೆಟ್ಟು ಜೊತೆಯಾಯಿತೆಂದು ನೆಮ್ಮದಿಯಿಂದಿರುವವರು ಇದನ್ನು ಗಮನಿಸಬೇಕು.

ಚಕ್ಕೋತಕ್ಕೆ ಚಕ್ಕೋತವೇ ಆಗಬೇಕೆಂಬ ನಿಯಮವಿಲ್ಲ. ನಿಂಬೆ, ಮೋಸಂಬಿ ಇವುಗಳ ಪರಾಗವೂ ಅದಕ್ಕೆ ಒಗ್ಗುವುದು. ಇವುಗಳೆಲ್ಲವೂ ಹತ್ತಿರದ ನೆಂಟರು. ಮಾದಲ, ಚಕ್ಕೋತ, ಕಿತ್ತಳೆ ಎಂಬ ಮೂರು ಮೂಲಕುಲಗಳ ಸಂಕರದಿಂದ ಈ ವರ್ಗದ ಬಹುಭಾಗವು ಹುಟ್ಟಿತೆಂದು ಈಗಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಮೋಸಂಬಿಯ ರಕ್ತದಲ್ಲಿ ಚಕ್ಕೋತವೂ ಕಿತ್ತಳೆಯೂ ಉಂಟು. ನಿಂಬೆಯ ಹೆತ್ತವರಲ್ಲಿ ಮಾದಲವು ಒಂದು. ನಿಂಬೆಯು ವರ್ಷದ ಬಹುಕಾಲ ಅಲ್ಲಲ್ಲಿ ಹೂ ಬಿಡುತ್ತಲೇ ಇರುವುದರಿಂದ, ಚಕ್ಕೋತವು ಅರಳಿದಾಗ ನಿಂಬೆಯ ಹೂವನ್ನು ಹುಡುಕಿ ತರುವುದು ಕಷ್ಟವಲ್ಲ.

ಇದನ್ನು ಕೇಳಿ ಅತ್ತೆಯವರಿಗೆ ಒಂದು ಸಂಶಯವು ಹುಟ್ಟಿತು. “ನಿಂಬೆ ಹುಡಿ ಹಚ್ಚಿದರೆ ಹಣ್ಣು ಹುಳಿಯಾಗೋದಿಲ್ಲವೇನೋ?” ಎಂದರು. ಪ್ರಶ್ನೆಯು ಯುಕ್ತವಾದುದೇ, ಅನೇಕರಿಗೆ ಬರುವುದೇ. ಹಣ್ಣಿನ ಸಿಪ್ಪೆ, ತೊಳೆ, ತೊಳೆಯೊಳಗಿನ ರಸದ ಎಳೆಗಳು, ಇವೆಲ್ಲವೂ ತಾಯಿಹೂವಿನ ಅಂಡಾಶಯದ ಗೋಡೆಯಿಂದಲೇ ಬೆಳೆಯತಕ್ಕವು. ತಂದೆಯ ಪಾಲು ಬೀಜದೊಳಗಿನ ಅಂಕುರದಲ್ಲಿ ಮಾತ್ರ. ಆದುದರಿಂದ ಹಣ್ಣಿನ ರುಚಿಯು ಕೆಡದು; ಬೀಜಗಳು ಹೆಚ್ಚಾಗುವುವು, ಅಷ್ಟೆ. ಆ ಬೀಜವನ್ನು ಬಿತ್ತಿದರೆ ಹುಟ್ಟುವ ಗಿಡವು ಮಾತ್ರ ಚಕ್ಕೋತವೂ ಅಲ್ಲದ ನಿಂಬೆಯೂ ಅಲ್ಲದ ವಸ್ತುವಾದೀತು.

2022ರ ಫೆಬ್ರವರಿಯ ಕೊನೆಯಲ್ಲಿ ಎರಡನೆಯ ಪ್ರಯತ್ನ. ನಾವು ಅನುಸರಿಸಿದ ಕ್ರಮವನ್ನು ಬರೆಯುವೆನು. ಬೇಕಾದವರು ಮಾಡಿ ನೋಡಬಹುದು. ಎರಡು ಬೀದಿಯಾಚೆಯ ಪರಿಚಿತರ ಮನೆಯ ನಿಂಬೆಯಿಂದ, ಮಾರನೆಯ ದಿನ ಬಿರಿಯುವಂತಿದ್ದ ದಪ್ಪ ಮೊಗ್ಗುಗಳನ್ನು ಸಂಜೆ ಬಿಡಿಸಿ ತಂದೆವು. ಅರಳಿದ ಹೂವಾದರೆ ಜೇನು ಮೊದಲೇ ಪರಾಗವನ್ನು ಕೊಂಡೊಯ್ದಿರುವುದು. ಅದಕ್ಕಾಗಿ ಮೊಗ್ಗೇ ಲೇಸು. ದಳಗಳನ್ನು ಬಿಡಿಸಿ, ಕೇಸರದ ತಲೆಗಳನ್ನು ಚಿಮುಟದಿಂದ ಕಿತ್ತು, ಬಿಳಿಯ ಕಾಗದದ ಮೇಲೆ ಹರಡಿ, ಗಾಳಿ ತಾಗದ ಕಡೆ ರಾತ್ರಿಯೆಲ್ಲ ಒಣಗಲು ಬಿಟ್ಟೆವು. ಬೆಳಗಾಗುವಷ್ಟರಲ್ಲಿ ಚೀಲಗಳು ಒಡೆದು, ಕಾಗದದ ಮೇಲೆ ಅರಿಸಿನದಂತಹ ಹುಡಿಯು ಉದುರಿದ್ದಿತು. ಒಂದೇ ದಿನದಲ್ಲಿ ಕೆಲಸ ಮುಗಿಯದಿದ್ದರೆ, ಈ ಹುಡಿಯನ್ನು ಒಣ ಡಬ್ಬಿಯಲ್ಲಿ ಹಾಕಿ ರೆಫ್ರಿಜರೇಟರಿನಲ್ಲಿಟ್ಟು ನಾಲ್ಕಾರು ದಿನ ಉಪಯೋಗಿಸಬಹುದು. ತೇವವು ತಾಗಿದರೆ ಕೆಟ್ಟಿತು.

ಬೆಳಗಿನ ಎಂಟು ಗಂಟೆಯಿಂದ ಹತ್ತರವರೆಗೆ, ಇಬ್ಬನಿಯಾರಿದ ಮೇಲೆ ಹಚ್ಚುವ ಕೆಲಸ. ಮಕ್ಕಳ ಚಿತ್ರಕಲೆಯ ಸಣ್ಣ ಕುಂಚವೇ ಸಾಕು. ಅಂದೇ ಅರಳಿದ ಹೂವುಗಳನ್ನು ಆರಿಸಿ, ಶಲಾಕಾಗ್ರವು ಅಂಟಾಗಿದೆಯೇ ಎಂದು ನೋಡಿ, ಕುಂಚದಿಂದ ಹುಡಿಯನ್ನು ಎರಡು ಬಾರಿ ಮೃದುವಾಗಿ ಒತ್ತಿದೆವು. ಹೂವಿನ ಸ್ವಂತ ಕೇಸರಗಳನ್ನು ಕಿತ್ತುಹಾಕಬೇಕಾದ ಅಗತ್ಯವಿಲ್ಲ; ಅದರ ಪರಾಗವು ಹೇಗೂ ನಡೆಯದಷ್ಟೆ. ಎಲೆಯಿಲ್ಲದ ಬೋಳುಗೊಂಚಲಿಗಿಂತ ಹೊಸ ಚಿಗುರೆಲೆಗಳ ಜೊತೆಯಲ್ಲಿರುವ ಹೂವುಗಳಲ್ಲಿ ಕಾಯಿ ನಿಲ್ಲುವುದು ಹೆಚ್ಚು, ಅಂತಹವನ್ನೇ ಆರಿಸಬೇಕು. ನನ್ನ ಕೈಯು ನಡುಗುತ್ತಿದ್ದುದರಿಂದ ಕುಂಚವನ್ನು ಅತ್ತೆಯವರೇ ತೆಗೆದುಕೊಂಡರು. ಎಪ್ಪತ್ತೆರಡರ ವಯಸ್ಸಿನಲ್ಲಿ, ಸ್ಟೂಲಿನ ಮೇಲೆ ನಿಂತು, ಒಂದೊಂದು ಹೂವನ್ನೂ ಮಗುವಿನ ಗಲ್ಲವನ್ನು ಹಿಡಿಯುವಂತೆ ಹಿಡಿದು ಹಚ್ಚುತ್ತಿದ್ದರು. ಸ್ಟೂಲನ್ನು ಹಿಡಿದುಕೊಂಡು ನಿಂತವನು ನನ್ನ ಮಗ.

ಮೂರು ದಿನಗಳಲ್ಲಿ ಮೂವತ್ತು ಹೂವುಗಳು, ಮೂವತ್ತು ದಾರಗಳು. ವಾರವು ಕಳೆಯಲು ದಳಗಳು ಉದುರಿದವು. ಆ ಮೇಲೆ ಶಲಾಕೆಯೂ ಕಳಚಿಬಿದ್ದಿತು. ಇದನ್ನು ಕಂಡು ಹೆದರಬೇಕಾದುದಿಲ್ಲ, ಕಳಚುವುದೇ ಕ್ರಮ. ನೋಡಬೇಕಾದುದು ಮಣಿಯ ಬಣ್ಣವನ್ನು. ಇಪ್ಪತ್ತನೆಯ ದಿನಕ್ಕೆ ಹದಿನಾರು ದಾರಗಳ ಬಳಿ ಹಳದಿ, ಹದಿನಾಲ್ಕರ ಬಳಿ ಕಡುಹಸುರು. ಏಪ್ರಿಲಿನ ಬಿಸಿಲಿನಲ್ಲಿ ಗೋಲಿಯಷ್ಟಾದ ಕಾಯಿಗಳಲ್ಲಿ ಇನ್ನೂ ಎಂಟು ಉದುರಿದವು. ಮಿಕ್ಕುದು ಆರು. ದಾರವಿಲ್ಲದ ಕೊಂಬೆಗಳಲ್ಲಿ ಒಂದೂ ನಿಂತಿರಲಿಲ್ಲ. ಅಕ್ಟೋಬರಿನಲ್ಲಿ ಆರು ಹಣ್ಣುಗಳನ್ನು ಇಳಿಸಿದೆವು. ಮೊದಲನೆಯದನ್ನು ದೇವರ ಮನೆಯಲ್ಲಿಟ್ಟು, ಎರಡನೆಯದನ್ನು ತೋಟಗಾರಿಕೆಯ ಸ್ನೇಹಿತರಿಗೆ ಕಳುಹಿಸಿ, ಮೂರನೆಯದನ್ನು ಎಲ್ಲರೂ ಕುಳಿತು ಬಿಡಿಸಿದೆವು. ಹುಳಿಯಾಗಿರಲಿಲ್ಲ. ಅತ್ತೆಯವರು ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರಾದುದರಿಂದ ವೈದ್ಯರನ್ನು ಕೇಳಿಯೇ ಕೊಟ್ಟೆವು. ಚಕ್ಕೋತದ ರಸವು ರಕ್ತದೊತ್ತಡ, ಕೊಲೆಸ್ಟರಾಲು ಇವುಗಳ ಕೆಲವು ಔಷಧಗಳ ಪರಿಣಾಮವನ್ನು ದೇಹದಲ್ಲಿ ಏರುಪೇರು ಮಾಡುವುದುಂಟು.

ಇನ್ನು ಹೂವನ್ನೇ ಬಿಡದ ಗಿಡದ ವಿಚಾರ. ಮೊದಲು ಗಿಡದ ಹುಟ್ಟನ್ನು ವಿಚಾರಿಸಬೇಕು. ನಿಂಬೆಯ ಬೀಜದಲ್ಲಿ ಒಂದು ಸ್ವಾರಸ್ಯವಿದೆ. ಒಂದು ಬೀಜದಿಂದ ಎರಡು ಮೂರು ಮೊಳಕೆಗಳು ಏಳುವುವು; ಇವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವಿಲ್ಲದೆ ತಾಯಿಯ ಅಂಗದಿಂದಲೇ ಹುಟ್ಟಿದವಾದುದರಿಂದ ಗಿಡವು ತಾಯಿಯಂತೆಯೇ ಇರುವುದು. ಕಿತ್ತಳೆಯ ಬೀಜದಲ್ಲಿ ಹಲವು ಅಂಕುರಗಳಿರುವುದನ್ನು ಹಾಲೆಂಡಿನ ಲ್ಯೂವೆನ್‌ಹೂಕನು 1719ರಷ್ಟು ಹಿಂದೆಯೇ ಕಂಡಿದ್ದನು. ಚಕ್ಕೋತದ ಬೀಜದಲ್ಲಾದರೋ ಅಂಕುರವು ಒಂದೇ, ಅದೂ ಸಂಕರ. ಆದುದರಿಂದ ನಿಂಬೆಯನ್ನು ಬೀಜದಿಂದ ಬೆಳೆಸಬಹುದು, ನಾಲ್ಕೈದು ವರ್ಷ ಕಾಯುವ ತಾಳ್ಮೆಯಿದ್ದರೆ. ಚಕ್ಕೋತವನ್ನು ಬೀಜದಿಂದ ಬೆಳೆಸಿ ಏಳೆಂಟು ವರ್ಷ ಕಾದು ಕಹಿಯನ್ನು ತಿನ್ನುವುದಕ್ಕಿಂತ ಗೂಟಿಯನ್ನೋ ಕಣ್ಣುಕಸಿಯನ್ನೋ ತರುವುದು ಮೇಲು.

ಕಣ್ಣುಕಸಿಯ ಗಿಡದಲ್ಲಿ ಒಂದು ಅಪಾಯವುಂಟು. ಬುಡವು ರಂಗಪುರದ ನಿಂಬೆಯಂತಹ ಒರಟು ಜಾತಿಯದಾಗಿದ್ದು, ಮೇಲಿನದು ಮಾತ್ರ ನಾವು ಬಯಸಿದ ಜಾತಿಯದು. ಕಸಿಯ ಗಂಟಿನ ಕೆಳಗಿನಿಂದ ಏಳುವ ಚಿಗುರನ್ನು, ‘ಅಯ್ಯೋ, ಎಷ್ಟು ಹುಲುಸಾಗಿದೆ’ ಎಂದು ಬಿಟ್ಟರೆ, ಅದು ಮೇಲಿನ ಗಿಡವನ್ನು ಕೊಂದು ತಾನೇ ಮರವಾಗುವುದು. ನಮ್ಮ ಬಂಧುಗಳೊಬ್ಬರ ಮೋಸಂಬಿಯು ಹೀಗೆ ಮೂರು ವರ್ಷಗಳಲ್ಲಿ ಮುಳ್ಳಿನ ಹುಳಿನಿಂಬೆಯಾಯಿತು. ಅವರು ಸಸಿ ಮಾರಿದವನನ್ನು ಈಗಲೂ ಬಯ್ಯುತ್ತಿರುವರು. ಅಂತಹ ಚಿಗುರನ್ನು ಕಂಡ ಕೂಡಲೇ ಉಗುರಿನಿಂದ ಚಿವುಟಬೇಕು. ನೆಡುವಾಗ ಕಸಿಯ ಗಂಟು ನೆಲದಿಂದ ಅರ್ಧ ಅಡಿಯಾದರೂ ಮೇಲಿರಬೇಕು.

ದಿನಕ್ಕೆ ಆರು ಗಂಟೆಯ ಬಿಸಿಲು ಬೀಳದ ಕಡೆ ಈ ಜಾತಿಯನ್ನು ನೆಡುವುದು ಬೇಡ. ನಿತ್ಯವೂ ಪಾತ್ರೆ ತೊಳೆದ ನೀರನ್ನು ಬುಡಕ್ಕೆ ಹರಿಯಬಿಡುವುದು ನಮ್ಮಲ್ಲಿ ವಾಡಿಕೆ. ಇದರಿಂದ ಎಲೆಯು ಸೊಂಪಾಗುವುದೇ ಹೊರತು ಹೂವು ಬಾರದು, ಬೊಡ್ಡೆಯು ಕೊಳೆತು ಗೋಂದು ಸುರಿಯುವ ರೋಗವೂ ಬರುವುದು. ಬೊಡ್ಡೆಯ ಸುತ್ತ ಒಂದು ಅಡಿಯಷ್ಟು ಮಣ್ಣನ್ನು ಏರಿಸಿ ಒಣಗಿರುವಂತೆ ಮಾಡಿ, ಅದರಾಚೆಯ ಉಂಗುರದಲ್ಲಿ ನೀರು ಕೊಡಬೇಕು. ಏರಿಸಿದ ಮಣ್ಣು ಬೊಡ್ಡೆಗೆ ತಾಗಬಾರದು. ಚಳಿಗಾಲದಲ್ಲಿ ಮೂರು ನಾಲ್ಕು ವಾರ ನೀರನ್ನು ನಿಲ್ಲಿಸಿ, ಎಲೆಯು ತುಸು ಬಾಡಿದಾಗ ಗೊಬ್ಬರವನ್ನು ಕೊಟ್ಟು ನೀರೆರೆದರೆ, ತಿಂಗಳೊಳಗೆ ಹೂವು ಬರುವುದು. ಮಹಾರಾಷ್ಟ್ರದ ತೋಟಗಾರರು ಇದಕ್ಕೆ ಬಹಾರ ಹಿಡಿಯುವುದೆನ್ನುವರು. ಚಳಿಗಾಲದ ಕೊನೆಯ ಹೂವು ಅಂಬೆ ಬಹಾರ, ಮುಂಗಾರಿನದು ಮೃಗ ಬಹಾರ. ಕುಂಡದ ಗಿಡಕ್ಕಾದರೆ ನಾಲ್ಕೈದು ದಿನಗಳ ಉಪವಾಸವೇ ಸಾಕು. ಮೂರು ವಾರ ಬಿಟ್ಟರೆ ಗಿಡವೇ ಉಳಿಯದು. ಕಾಯಿ ಕಟ್ಟಿದ ಮೇಲೆ ಮಾತ್ರ ನೀರಿನಲ್ಲಿ ಏರುಪೇರು ಕೂಡದು. ಎಂಟು ದಿನ ಒಣಗಿಸಿ ಒಂದು ದಿನ ಕೆರೆ ಮಾಡುವವರ ಮನೆಯಲ್ಲಿ ಕಾಯಿ ಉದುರುವುದು, ಸೀಳುವುದು ಸಹಜ.

ಎಲೆಯ ನರಗಳು ಹಸುರಾಗಿದ್ದು ನಡುವಣ ಭಾಗವು ಹಳದಿಯಾಗಿ, ಎಲೆಯು ಕಿರಿದಾದರೆ ಸತುವಿನ ಕೊರತೆಯೆಂದು ಊಹಿಸಬಹುದು. ಒಂದು ಲೀಟರು ನೀರಿಗೆ 5 ಗ್ರಾಂ ಸತುವಿನ ಸಲ್ಫೇಟು, 2.5 ಗ್ರಾಂ ಸುಣ್ಣ, ಇಷ್ಟನ್ನು ಕದಡಿ ಸೋಸಿ, ಹೊಸ ಚಿಗುರಿನ ಮೇಲೆ ಸಿಂಪಡಿಸಿದರೆ ಗುಣ ಕಾಣುವುದು. ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುಗಳು ಎಲೆಯ ಮೇಲಿದ್ದರೆ ಅವು ನಿಂಬೆಯ ಚಿಟ್ಟೆಯ ಮರಿಗಳು. ಬೆಳೆದಾಗ ಹಸುರಾಗಿ, ಮುಟ್ಟಿದರೆ ಕೆಂಪು ಕೊಂಬನ್ನು ಚಾಚಿ ನಾತ ಬಿಡುವುವು. ಒಂದೆರಡು ಗಿಡಗಳಿರುವ ಮನೆಯಲ್ಲಿ ಇವುಗಳಿಗೆ ಔಷಧ ಬೇಡ, ಕೈಯಿಂದ ಹೆಕ್ಕಿದರಾಯಿತು. ಕಾಯಿಯ ಮೇಲೂ ಎಲೆಯ ಮೇಲೂ ಹಳದಿ ಅಂಚಿನ ಗಟ್ಟಿ ಚುಕ್ಕೆಗಳೇಳುವ ಕಜ್ಜಿರೋಗಕ್ಕೆ, ರೋಗದ ರೆಂಬೆಗಳನ್ನು ಕತ್ತರಿಸಿ ಸುಟ್ಟು, ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ರೂಢಿ. ಯಾವ ಔಷಧವನ್ನಾದರೂ ಹೂವು ಅರಳಿರುವಾಗ ಸಿಂಪಡಿಸಕೂಡದು. ಮನೆಯ ಕಿಟಕಿಯ ಸಂದಿನಲ್ಲಿ ಮುಜಂಟಿ ಜೇನಿದ್ದರೆ ಅದನ್ನು ಕೀಳಿಸದೆ ಬಿಟ್ಟರೆ ಒಳ್ಳೆಯದು. ಕಚ್ಚುವ ಪ್ರಾಣಿಯಲ್ಲ, ಹೂವಿನ ಕೆಲಸವನ್ನು ಮಾತ್ರ ಮಾಡುವುದು.

2022ರ ಮಳೆಗಾಲದಲ್ಲಿ ನಾವು ಚಕ್ಕೋತದಿಂದ ಹನ್ನೆರಡು ಅಡಿ ದೂರದಲ್ಲಿ, ಕಾರಿಗೆಂದು ಗುರುತಿಸಿದ್ದ ಸ್ಥಳದಲ್ಲಿಯೇ, ಒಂದು ನಿಂಬೆಯ ಗೂಟಿಯನ್ನು ನೆಟ್ಟೆವು. ಮಗನ ಕಾರು ಈಗಲೂ ಬೀದಿಯಲ್ಲಿಯೇ ನಿಲ್ಲುವುದು. ನಿಂಬೆಯು 2024ರಲ್ಲಿ ಹೂವಿಗೆ ಬಂದಿತು. 2025ರ ಫೆಬ್ರವರಿಯಲ್ಲಿ ಎರಡೂ ಒಟ್ಟಿಗೆ ಅರಳಿ, ತುಡುವೆ ಜೇನು ಒಂದರಿಂದ ಮತ್ತೊಂದಕ್ಕೆ ಹಾರುವುದನ್ನು ನಾನು ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ನೋಡಿದೆನು. ಆ ವರ್ಷ ದಾರವಿಲ್ಲದ ಕೊಂಬೆಗಳಲ್ಲಿಯೇ ಹತ್ತೊಂಬತ್ತು ಕಾಯಿಗಳು ನಿಂತವು. ಇನ್ನು ಕುಂಚದ ಅಗತ್ಯವಿಲ್ಲವೆಂದು ಅತ್ತೆಯವರಿಗೆ ಹೇಳಿದೆನು. ಅವರು, “ಇರಲಿ ಬಿಡೋ, ಕೆಳಗಿನ ಕೊಂಬೆಯವಕ್ಕೆ ಮಾತ್ರ” ಎಂದು, ಕುಂಚವನ್ನು ಸೆರಗಿನಲ್ಲಿ ಒರಸಿಕೊಂಡು ಹಿತ್ತಲಿಗೆ ಹೋದರು.